ರೆಕ್ಕೆಯ ಹಿಮ ತೊಳೆಯುವ ಖರ್ಚು

ಅಮೇರಿಕಾ, ಕೆನಡಾ ದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಮೊಮ್ಮಕ್ಕಳು ಚಳಿಗಾಲದಲ್ಲಿ ಊರಿಗೆ ಬಂದಾಗ ಒಂದು ಸಂಗತಿಯನ್ನು ತಪ್ಪದೆ ಹೇಳುತ್ತಾರೆ. ವಿಮಾನದಲ್ಲಿ ಎಲ್ಲರೂ ಕುಳಿತಾಗಿದೆ, ಬಾಗಿಲು ಮುಚ್ಚಿಯಾಗಿದೆ, ಆದರೂ ವಿಮಾನ ಹೊರಡುವುದಿಲ್ಲ. ದೊಡ್ಡದೊಂದು ಟ್ರಕ್ಕು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದರ ಉದ್ದನೆಯ ತೋಳಿನ ತುದಿಯ ತೊಟ್ಟಿಲಲ್ಲಿ ನಿಂತ ಮನುಷ್ಯನು ಕಿತ್ತಳೆ ಬಣ್ಣದ ಬಿಸಿ ದ್ರವವನ್ನು ರೆಕ್ಕೆಗಳ ಮೇಲೆ ರಭಸದಿಂದ ಹಾಯಿಸುತ್ತಾನೆ. ಕಿಟಕಿಯಾಚೆ ಹಬೆ ಏಳುತ್ತದೆ. ಹಿಮವು ಕರಗಿ ನೆಲಕ್ಕೆ ಇಳಿಯುತ್ತದೆ. ಈ ಸ್ನಾನಕ್ಕೆ ಅಲ್ಲಿ 'ಡೀ-ಐಸಿಂಗ್' ಎಂದು ಹೆಸರು. ಅದು ಮುಗಿದ ಮೇಲೆಯೇ ವಿಮಾನ ಏರುತ್ತದೆ.

ದೊಡ್ಡ ವಿಮಾನದ ಈ ಖರ್ಚು ನೂರಾರು ಪ್ರಯಾಣಿಕರ ಟಿಕೇಟಿನೊಳಗೆ ಅಡಗಿ ಹೋಗುತ್ತದೆ. ಅದರ ಬೆಲೆ ಎಷ್ಟು, ತೆತ್ತವರು ಯಾರು ಎಂದು ಯಾರೂ ಕೇಳುವುದಿಲ್ಲ. ಆದರೆ ಅಮೇರಿಕಾ ಒಂದರಲ್ಲಿಯೇ ವಿಮಾನ ಕಂಪನಿಗಳಿಗೆ ಸೇರದ ಸುಮಾರು ಎರಡು ಲಕ್ಷ ವಿಮಾನಗಳಿವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಎಂಜಿನ್ನಿನ, ನಾಲ್ಕು ಜನ ಕೂರುವ ಚಿಕ್ಕ ವಿಮಾನಗಳು. ನಮ್ಮಲ್ಲಿ ಅನುಕೂಲಸ್ಥರು ಕಾರು ಇಟ್ಟುಕೊಂಡಂತೆ ಅಲ್ಲಿಯ ಒಕ್ಕಲಿಗನೋ ವೈದ್ಯನೋ ವ್ಯಾಪಾರಿಯೋ ಇವುಗಳನ್ನು ಇಟ್ಟುಕೊಂಡಿರುತ್ತಾನೆ. ಇಲ್ಲಿ ಮಾಲೀಕನೇ ಚಾಲಕ, ಚಾಲಕನೇ ಬಿಲ್ಲು ತೆರುವವನು, ರೆಕ್ಕೆ ಶುಚಿಯಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವವನೂ ಅವನೇ. ಹಣ ಕೊಡುವ ಕೈಯೂ ಪ್ರಾಣವನ್ನು ಕಾಯುವ ಕಣ್ಣೂ ಒಬ್ಬನವೇ ಆದಾಗ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ಅಲ್ಲಿರುವ ನಮ್ಮ ಮಕ್ಕಳಿಗೆ ಸ್ನೇಹಿತರೊಬ್ಬರ ಅಂಥ ವಿಮಾನದಲ್ಲಿ ಕುಳಿತು ಹೋಗುವ ಪ್ರಸಂಗ ಒದಗಬಹುದಾದ್ದರಿಂದ ಇದು ನಮಗೆ ತೀರ ಹೊರಗಿನ ಮಾತೇನೂ ಅಲ್ಲ.

ಮೊದಲು ಶಬ್ದಗಳ ವಿಚಾರ. ಅಮರಕೋಶವು ತುಷಾರ, ನೀಹಾರ, ತುಹಿನ, ಹಿಮ, ಪ್ರಾಲೇಯ ಎಂಬ ಪದಗಳನ್ನು ಒಂದೇ ಸಾಲಿನಲ್ಲಿ ಪರ್ಯಾಯಗಳಾಗಿ ಇರಿಸುತ್ತದೆ. ಬಿಸಿಲ ನಾಡಿನ ಕವಿಗಳಿಗೆ ಅಷ್ಟು ಸಾಕಾಗಿತ್ತು. ಚಳಿ ನಾಡಿನ ವಿಮಾನ ಚಾಲಕನಿಗೆ ಮಾತ್ರ ಇವು ಬೇರೆಬೇರೆ ಶತ್ರುಗಳು. ಆದಕಾರಣ ಈ ಲೇಖನದ ಮಟ್ಟಿಗೆ ಆಕಾಶದಿಂದ ಹತ್ತಿಯಂತೆ ಉದುರುವುದನ್ನು ಹಿಮವೆಂದೂ, ಗಾಜಿನಂತೆ ಗಟ್ಟಿಯಾಗಿ ಅಂಟಿಕೊಳ್ಳುವುದನ್ನು ಮಂಜುಗಡ್ಡೆಯೆಂದೂ, ಇಬ್ಬನಿಯ ಬದಲು ನೇರವಾಗಿ ಬಿಳಿಯ ಹರಳುಗಳಾಗಿ ಕೂರುವುದನ್ನು ತುಷಾರವೆಂದೂ ಕರೆಯೋಣ. ಈ ಮೂರರಲ್ಲಿ ಹಿಮವು ಕಣ್ಣಿಗೆ ಢಾಳಾಗಿ ಕಾಣುತ್ತದೆ. ಅದನ್ನು ಹೊತ್ತು ಹಾರಲು ಹೊರಡುವವರು ವಿರಳ. ಮೋಸ ಮಾಡುವುದು ತುಷಾರ.

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಬಯಲಿನಲ್ಲಿರುವ ವಸ್ತುಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ನಮ್ಮ ಕಡೆ ಪುಷ್ಯಮಾಸದಲ್ಲಿ ಕಡಲೆ ಹೊಲದ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಂದಿಗೆ ಬಂದ ಹುಳಿಯನ್ನು ಹಿಂಡಿಕೊಳ್ಳುವ ಪದ್ಧತಿಯನ್ನು ಹಿರಿಯರು ಬಲ್ಲರು. ಆ ಇಬ್ಬನಿ ಕೂರುವ ಕಾರಣವೇ ಇಲ್ಲಿಯೂ ಇರುವುದು. ವಿಮಾನದ ರೆಕ್ಕೆಯಾದರೋ ತೆಳುವಾದ ಅಲ್ಯೂಮಿನಿಯಮ್ ತಗಡು. ಗಾಳಿಯ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿರುವಾಗಲೂ ತಗಡು ಸೊನ್ನೆಗಿಂತ ಕೆಳಕ್ಕೆ ಇಳಿದುಬಿಡುತ್ತದೆ. ಬೆಳಗಾಗುವ ಹೊತ್ತಿಗೆ ಅದರ ಮೇಲೆ ಬಿಳಿಯ ಹುಡಿ ಹರಡಿರುತ್ತದೆ. ತೂಕವೆಂದರೆ ತೂಕವೇ ಇಲ್ಲ. ಬೆರಳಿನಿಂದ ಗೀರಿದರೆ ಗೆರೆ ಬೀಳುತ್ತದೆ, ಅಷ್ಟೆ.

ಇಷ್ಟು ಅಲ್ಪವಾದುದರಿಂದ ಏನು ಕೇಡು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕೇಡು ತೂಕದಿಂದಲ್ಲ, ಒರಟಿನಿಂದ. ರೆಕ್ಕೆಯ ಬಾಗಿದ ಬೆನ್ನಿನ ಮೇಲೆ ಗಾಳಿಯು ಬಿಡದೆ ಅಂಟಿಕೊಂಡು ಹರಿಯುತ್ತಿದ್ದರೆ ಮಾತ್ರ ವಿಮಾನವನ್ನು ಎತ್ತುವ ಬಲ ಹುಟ್ಟುತ್ತದೆ. ಬೆನ್ನು ಒರಟಾದರೆ ಗಾಳಿ ಬೇಗನೆ ಕಿತ್ತುಕೊಂಡು ಸುಳಿಯಾಗುತ್ತದೆ. ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಸಾಧಾರಣ ಇಲ್ಲವೆ ದಪ್ಪ ಮರಳುಕಾಗದದಷ್ಟು ಒರಟಾದ ತುಷಾರವು ಎತ್ತುವ ಬಲವನ್ನು ಶೇಕಡಾ 30ರವರೆಗೆ ತಗ್ಗಿಸಿ, ಗಾಳಿಯ ಎಳೆತವನ್ನು ಶೇಕಡಾ 40ರಷ್ಟು ಹೆಚ್ಚಿಸಬಲ್ಲದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಅಮೇರಿಕಾದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಚಾಲಕರಿಗೆ ಕೊಟ್ಟ ಎಚ್ಚರಿಕೆ ಇನ್ನೂ ಮನಮುಟ್ಟುವಂತಿದೆ: ಅಡುಗೆ ಉಪ್ಪಿನ ಹರಳಿನಷ್ಟು ಗಾತ್ರದ ಕಣಗಳು ಚದರ ಸೆಂಟಿಮೀಟರಿಗೆ ಒಂದರಂತೆ ರೆಕ್ಕೆಯ ಮೇಲೆ ಚದುರಿದ್ದರೂ ವಿಮಾನವು ನೆಲ ಬಿಡಲಾರದಷ್ಟು ಬಲ ನಷ್ಟವಾದೀತು. ಒಲೆಯ ಮುಂದೆ ನಿಂತ ತಾಯಂದಿರು ಒಂದು ಚಿಟಿಕೆ ಉಪ್ಪನ್ನು ಅಂಗೈಯಲ್ಲಿ ಹರಡಿ ನೋಡಿದರೆ ಈ ಅಳತೆ ಎಷ್ಟು ಚಿಕ್ಕದೆಂದು ಅರಿವಾಗುವುದು.

ಇದರೊಂದಿಗೆ ಇನ್ನೊಂದು ಕುತ್ತಿದೆ. ಎತ್ತುವ ಬಲ ಕುಸಿಯುವ ಮುನ್ನ ಚಾಲಕನನ್ನು ಎಚ್ಚರಿಸಲು ವಿಮಾನದಲ್ಲಿ ಒಂದು ಗಂಟೆಯೋ ಪೀಪಿಯೋ ಇರುತ್ತದೆ. ಅದನ್ನು ಶುಚಿಯಾದ ರೆಕ್ಕೆಯ ಲೆಕ್ಕಕ್ಕೆ ಹೊಂದಿಸಿರುತ್ತಾರೆ. ತುಷಾರ ಕೂತ ರೆಕ್ಕೆಯು ಆ ಲೆಕ್ಕಕ್ಕಿಂತ ಮೊದಲೇ ಸೋಲುತ್ತದೆ. ಪೀಪಿ ಕೂಗುವ ಮುಂಚೆಯೇ ವಿಮಾನ ಬಿದ್ದಿರುತ್ತದೆ.

ಬಿಲ್ಲಿನ ಲೆಕ್ಕ

ಈಗ ಹಣದ ಮಾತಿಗೆ ಬರೋಣ. ಹಿಮ ತೊಳೆಯುವ ದ್ರವವು ಗ್ಲೈಕಾಲ್ ಎಂಬ ರಾಸಾಯನಿಕ ಮತ್ತು ನೀರಿನ ಮಿಶ್ರಣ. ಇದರಲ್ಲಿ ನಾಲ್ಕು ಬಗೆಗಳಿವೆ. ಒಂದನೆಯದು ಕಿತ್ತಳೆ ಬಣ್ಣದ್ದು, ನೀರಿನಂತೆ ತೆಳು; ಇದನ್ನು 60 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಹೊಡೆಯುತ್ತಾರೆ. ನಿಜವಾಗಿ ಹಿಮವನ್ನು ಕರಗಿಸುವುದು ಆ ಶಾಖ ಹಾಗೂ ರಭಸ. ಗ್ಲೈಕಾಲಿನ ಕೆಲಸವೆಂದರೆ ಕರಗಿದ ನೀರು ಮತ್ತೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ನಾಲ್ಕನೆಯದು ಹಸಿರು ಬಣ್ಣದ್ದು, ಗಂಜಿಯಂತೆ ಮಂದ. ಶುಚಿಯಾದ ರೆಕ್ಕೆಯ ಮೇಲೆ ಇದನ್ನು ಬಳಿದರೆ ಸುರಿಯುವ ಹಿಮವನ್ನು ಕೆಲ ಹೊತ್ತು ತಡೆದು ನಿಲ್ಲಿಸುತ್ತದೆ. ವಿಮಾನ ವೇಗವಾಗಿ ಓಡಿದಾಗ ಗಾಳಿಯೇ ಅದನ್ನು ಹರಿದು ಹಿಂದಕ್ಕೆ ಎಸೆಯುತ್ತದೆ. ಹಾಗೆ ಹರಿದು ಹೋಗಬೇಕಾದರೆ ನೆಲ ಬಿಡುವ ಹೊತ್ತಿಗೆ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗವಾದರೂ ಇರಬೇಕು. ಬಹು ಪ್ರಚಲಿತವಾದ ಸೆಸ್ನಾ 172 ಎಂಬ ಚಿಕ್ಕ ವಿಮಾನವಾದರೋ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೇ ನೆಲ ಬಿಡುತ್ತದೆ. ಅದಕ್ಕೆ ಹಸಿರು ದ್ರವ ಬಳಿದರೆ ಹರಿದು ಹೋಗದೆ ಅಲ್ಲೇ ಉಳಿದು, ಹಿಮ ಮಾಡುವ ಕೇಡನ್ನು ತಾನೇ ಮಾಡೀತು. ದೊಡ್ಡವರ ಔಷಧ ಕೂಸಿಗೆ ಒಗ್ಗುವುದಿಲ್ಲವಲ್ಲ, ಹಾಗೆ. ನಿಧಾನ ವಿಮಾನಗಳಿಗೆಂದು ಮೂರನೆಯ ಬಗೆಯೊಂದಿದೆ. ಅದು ಎಲ್ಲ ಊರುಗಳಲ್ಲಿ ದೊರೆಯುವುದಿಲ್ಲ.

ಹೀಗಾಗಿ ಚಿಕ್ಕ ವಿಮಾನದ ಪಾಲಿಗೆ ಉಳಿಯುವುದು ಕಿತ್ತಳೆ ದ್ರವವೊಂದೇ. ಅದರ ರಕ್ಷಣೆ ಅಲ್ಪಕಾಲದ್ದು. ಹಿಮ ಸುರಿಯುತ್ತಿರುವಾಗ ತೊಳೆಸಿದರೆ ಕೆಲವೇ ನಿಮಿಷಗಳಲ್ಲಿ ರೆಕ್ಕೆ ಮತ್ತೆ ಬೆಳ್ಳಗಾಗುತ್ತದೆ. ಕೊಟ್ಟ ಹಣ ದ್ರವದೊಂದಿಗೇ ಚರಂಡಿಗೆ ಇಳಿದಂತೆ.

ಬೆಲೆ ಊರಿಂದ ಊರಿಗೆ ಬದಲಾಗುತ್ತದೆ. ಲೆಕ್ಕಕ್ಕೆಂದು ಗ್ಯಾಲನ್ ಒಂದಕ್ಕೆ, ಅಂದರೆ ಮೂರೂಮುಕ್ಕಾಲು ಲೀಟರಿಗೆ, 15 ಡಾಲರ್ ಎಂದು ಹಿಡಿಯೋಣ. ಟ್ರಕ್ಕು ಹೊರಡಿಸಿದ್ದಕ್ಕೇ ಪ್ರತ್ಯೇಕ ಶುಲ್ಕ ಹಾಕುವ ರೂಢಿಯುಂಟು. ಅದು 100 ಡಾಲರ್ ಎನ್ನೋಣ. ಸೆಸ್ನಾ 172ರ ರೆಕ್ಕೆಯ ವಿಸ್ತಾರ ಸುಮಾರು 16 ಚದರ ಮೀಟರ್. ಅದರೊಂದಿಗೆ ಬಾಲದ ಭಾಗವೂ ಸೇರಿ 15 ಗ್ಯಾಲನ್ ದ್ರವ ತಗುಲಿದರೆ 225 ಡಾಲರ್. ಶುಲ್ಕ ಕೂಡಿಸಿದರೆ 325 ಡಾಲರ್; ನಮ್ಮ ರೂಪಾಯಿಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಗಿಲು. ಈಗ ಇನ್ನೊಂದು ಬದಿಯ ಲೆಕ್ಕ ನೋಡಿರಿ. ಅದೇ ವಿಮಾನ ಗಂಟೆಗೆ ಎಂಟರಿಂದ ಒಂಬತ್ತು ಗ್ಯಾಲನ್ ಪೆಟ್ರೋಲು ಸುಡುತ್ತದೆ. ಗ್ಯಾಲನ್ನಿಗೆ ಆರು ಡಾಲರ್ ಎಂದರೂ ಎರಡು ಗಂಟೆಯ ಪ್ರಯಾಣಕ್ಕೆ ನೂರು ಡಾಲರಿನ ಆಸುಪಾಸು. ಮಗಳ ಮನೆಗೆ ಹೋಗಲು ಇಂಧನಕ್ಕೆ ನೂರು, ಹೊರಡುವ ಮುನ್ನ ರೆಕ್ಕೆ ತೊಳೆಸಲು ಮುನ್ನೂರು! ಮರುದಿನ ಬೆಳಗ್ಗೆ ಹಿಂತಿರುಗುವಾಗ ಆ ಊರಿನಲ್ಲಿಯೂ ತುಷಾರ ಬಿದ್ದಿದ್ದರೆ ಮತ್ತೊಮ್ಮೆ ಮುನ್ನೂರು. ಶ್ರೀಮಂತರ ಜೆಟ್ ವಿಮಾನಗಳಿಗೆ ಈ ಬಿಲ್ಲು ಸಾವಿರಾರು ಡಾಲರುಗಳಿಗೆ ಏರುವುದುಂಟು. ಆದರೆ ಅವರ ಇಂಧನದ ಬಿಲ್ಲೂ ಅಷ್ಟೇ ದೊಡ್ಡದಾದ್ದರಿಂದ ಹೋಲಿಕೆಯಲ್ಲಿ ಅದು ಇಷ್ಟೊಂದು ಚುಚ್ಚುವುದಿಲ್ಲ. ಚುಚ್ಚುವುದು ಮಧ್ಯಮ ತರಗತಿಯ ಮಾಲೀಕನಿಗೆ.

ಅಮೇರಿಕಾದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನೆಲೆಗಳು ಐದು ಸಾವಿರದಷ್ಟಿವೆ. ಅವುಗಳಲ್ಲಿ ಪ್ರಯಾಣಿಕರ ವಿಮಾನ ಕಂಪನಿಗಳು ಬರುವವು ಸುಮಾರು ಐನೂರು ಮಾತ್ರ. ಉಳಿದ ಚಿಕ್ಕ ನೆಲೆಗಳಲ್ಲಿ ಡೀ-ಐಸಿಂಗ್ ಟ್ರಕ್ಕು ಎಂಬುದು ಬಹುತೇಕ ಕನಸಿನ ಮಾತು. ಅಂದರೆ ಎಷ್ಟೋ ಕಡೆ ಹಣ ಕೊಡುವೆನೆಂದರೂ ಸೇವೆಯಿಲ್ಲ.

ಟ್ರಕ್ಕಿಲ್ಲದವರ ಉಪಾಯಗಳು

ಆದ್ದರಿಂದ ಚಿಕ್ಕ ವಿಮಾನದವರು ತಮ್ಮದೇ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಎಲ್ಲಕ್ಕಿಂತ ಮೇಲಾದುದು ವಿಮಾನವನ್ನು ಸೂರಿನಡಿ ಇಡುವುದು. ಆ ಸೂರಿಗೆ ಹ್ಯಾಂಗರ್ ಎನ್ನುವರು. ಕಾಯಿಸಿದ ಹ್ಯಾಂಗರಿನಲ್ಲಿ ಒಂದು ರಾತ್ರಿ ನಿಲ್ಲಿಸಲು 50ರಿಂದ 150 ಡಾಲರ್ ಕೇಳುವ ಊರುಗಳುಂಟು. ಟ್ರಕ್ಕಿಗೆ ತೆರುವ ಹಣಕ್ಕೆ ಹೋಲಿಸಿದರೆ ಇದು ಅಗ್ಗ. ಮೇಲಾಗಿ ಎಂಜಿನ್ನೂ ಬೆಚ್ಚಗಿರುತ್ತದೆ. ಶೂನ್ಯಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ, ಕಾಯಿಸದೆ ಚಾಲೂ ಮಾಡಿದರೆ ಒಳಗಿನ ಭಾಗಗಳು ಸವೆಯುತ್ತವೆ. ಹೊರಗೆ ನಿಂತ ವಿಮಾನಕ್ಕೆ ಎಂಜಿನ್ ಕಾಯಿಸಲು ಬೇರೆ ಶುಲ್ಕ ಬೀಳುತ್ತದೆ. ಹ್ಯಾಂಗರಿಗೆ ಕೊಟ್ಟ ಹಣದಲ್ಲಿ ಎರಡೂ ಕೆಲಸ ಆಗುವುದನ್ನು ಜಾಣ ಮಾಲೀಕರು ಲೆಕ್ಕ ಹಾಕುತ್ತಾರೆ. ಆದರೆ ಇದರಲ್ಲಿಯೂ ಒಂದು ತೊಡಕಿದೆ. ಹಿಮ ಸುರಿಯುತ್ತಿರುವಾಗ ಬೆಚ್ಚಗಿನ ವಿಮಾನವನ್ನು ಹೊರಗೆ ಎಳೆದರೆ, ಬಿದ್ದ ಹಿಮ ಮೊದಲು ಕರಗಿ, ತಗಡು ತಣ್ಣಗಾದೊಡನೆ ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ತಣ್ಣಗಿನ ರೆಕ್ಕೆಯ ಮೇಲಿನ ಒಣ ಹಿಮವನ್ನಾದರೂ ಪೊರಕೆಯಿಂದ ಗುಡಿಸಬಹುದು, ಇದನ್ನು ಗುಡಿಸಲಾಗದು.

ಎರಡನೆಯದು ರೆಕ್ಕೆಗೆ ಬಟ್ಟೆಯ ಹೊದಿಕೆ. ಇದಕ್ಕೆ ನೂರಾರು ಡಾಲರ್ ತಗುಲಿದರೂ ಹಲವು ಚಳಿಗಾಲ ಬಾಳುತ್ತದೆ. ಹೊದಿಸುವುದು, ತೆಗೆಯುವುದು, ಒದ್ದೆಯಾದುದನ್ನು ಒಣಗಿಸುವುದು, ಇವು ಕೈ ಮರಗಟ್ಟುವ ಚಳಿಯಲ್ಲಿ ಸುಲಭದ ಕೆಲಸಗಳಲ್ಲ. ಮೂರನೆಯದು ಮೃದುವಾದ ಪೊರಕೆ. ಕೆಲವರು ಹಗ್ಗವೊಂದನ್ನು ರೆಕ್ಕೆಯ ಮೇಲೆ ಅಡ್ಡಹಾಕಿ, ಇಬ್ಬರು ಎರಡು ತುದಿ ಹಿಡಿದು ಗರಗಸ ಎಳೆದಂತೆ ಎಳೆಯುತ್ತಾರೆ. ಇನ್ನು ಕೆಲವರು ಬಿಸಿನೀರು ಸುರಿಯಲು ಹೋಗುತ್ತಾರೆ. ಇದು ತೀರ ಅಪಾಯದ ಬುದ್ಧಿ: ಆ ನೀರು ಹರಿದು, ವಿಮಾನವನ್ನು ತಿರುಗಿಸುವ ಏರಿಳಿಸುವ ಪಟ್ಟಿಗಳ ಕೀಲುಗಳಲ್ಲಿ ನಿಂತು ಮತ್ತೆ ಹೆಪ್ಪುಗಟ್ಟಿದರೆ ಆಕಾಶದಲ್ಲಿ ಚಾಲಕನ ಕೈಗೆ ವಿಮಾನ ಬಗ್ಗುವುದಿಲ್ಲ. ಕಾರಿನ ಗಾಜು ಕೆರೆಯುವ ಪಟ್ಟಿಯಿಂದ ವಿಮಾನದ ಕಿಟಕಿ ಕೆರೆದು, ಮುನ್ನೂರು ಡಾಲರ್ ಉಳಿಸಲು ಹೋಗಿ ಅದಕ್ಕಿಂತ ದುಬಾರಿಯಾದ ಕಿಟಕಿಯನ್ನೇ ಹಾಳುಮಾಡಿಕೊಳ್ಳುವವರೂ ಇದ್ದಾರೆ. ಅದು ಗಾಜಲ್ಲ, ಬೇಗ ಗೀರು ಬೀಳುವ ಪ್ಲಾಸ್ಟಿಕ್ಕು.

ಹಿಂದೆ ತುಷಾರವನ್ನು ಪೂರ್ತಿ ತೆಗೆಯದೆ ಉಜ್ಜಿ ನಯಮಾಡಿ ಹಾರುವ ಪದ್ಧತಿಯೂ ಇತ್ತು. ಅಮೇರಿಕಾದ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿತ್ತು. ಹೊಳಪು ಮಾಡಿದ ತುಷಾರ ಎಂದು ಅದಕ್ಕೊಂದು ಮರ್ಯಾದೆಯ ಹೆಸರು ಬೇರೆ! ಎಷ್ಟು ಉಜ್ಜಿದರೆ ನಯವಾಯಿತೆಂದು ಅಳೆಯುವ ಸಾಧನವನ್ನು ಮಾತ್ರ ಯಾರೂ ಕಂಡುಹಿಡಿದಿರಲಿಲ್ಲ. 2010ರಿಂದ ಜಾರಿಗೆ ಬಂದ ತಿದ್ದುಪಡಿಯು ಈ ಅವಕಾಶವನ್ನು ತೆಗೆದುಹಾಕಿತು.

ನೆಲದ ಮೇಲೆ ತೊಳೆಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ವಾಚಕರು ಭಾವಿಸಬಾರದು. ಕೊರೆಯುವ ಮೋಡದೊಳಗೆ ಹೊಕ್ಕರೆ ಹಾರುತ್ತಿರುವಾಗಲೇ ರೆಕ್ಕೆಯ ಮುಂಚೂಣಿಗೆ ಮಂಜುಗಡ್ಡೆ ಕಟ್ಟುತ್ತದೆ. ಅದನ್ನು ಎದುರಿಸಲು ಕೆಲವು ವಿಮಾನಗಳ ರೆಕ್ಕೆಯ ಅಂಚಿಗೆ ಗಾಳಿ ತುಂಬಿ ಉಬ್ಬುವ ರಬ್ಬರಿನ ಪಟ್ಟಿಗಳಿರುತ್ತವೆ. ಇನ್ನು ಕೆಲವಕ್ಕೆ ಸೂಕ್ಷ್ಮ ರಂಧ್ರಗಳಿಂದ ಗ್ಲೈಕಾಲ್ ಒಸರುವ ಲೋಹದ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿದ್ಯೆಯಿದು. ಸೆಸ್ನಾ 172ರಂಥ ವಿಮಾನಕ್ಕೆ ಮಂಜುಗಡ್ಡೆ ಕಟ್ಟುವ ಮೋಡದೊಳಗೆ ಹೋಗುವ ಅನುಮತಿಯೇ ಇಲ್ಲ. ಮುನ್ನೂರು ಡಾಲರ್ ಕೊಟ್ಟು ತೊಳೆಸಿದವನಿಗೂ ಮೇಲಿನ ಆಕಾಶ ನಿರ್ಮಲವಾಗಿರದಿದ್ದರೆ ಹಾರುವ ಅಧಿಕಾರ ಬರುವುದಿಲ್ಲ.

ಉಳಿಸಲು ಹೋದವರು

ಅವಘಡಗಳ ವಿಚಾರವನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೂ ತನಿಖೆಯ ವರದಿಗಳು ಇಲ್ಲದಿದ್ದರೆ ಮೇಲಿನ ಮಾತುಗಳು ಬರಿಯ ಬೋಧನೆಯಾದಾವು.

1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್ ಎಂಬ ಊರಿನಲ್ಲಿ ಏರ್ ಒಂಟಾರಿಯೋ ಕಂಪನಿಯ ವಿಮಾನವೊಂದು ಇಂಧನ ತುಂಬಿಸಿಕೊಳ್ಳಲು ನಿಂತಿತು. ಹಿಮ ಸುರಿಯುತ್ತಿತ್ತು. ಆ ವಿಮಾನದ ಸಹಾಯಕ ಎಂಜಿನ್ ಕೆಟ್ಟಿತ್ತು. ಮುಖ್ಯ ಎಂಜಿನ್ನುಗಳನ್ನು ನಿಲ್ಲಿಸಿದರೆ ಮತ್ತೆ ಚಾಲೂ ಮಾಡುವ ಸಾಧನ ಡ್ರೈಡನ್ನಿನಲ್ಲಿ ಇರಲಿಲ್ಲ. ಎಂಜಿನ್ ಓಡುತ್ತಿರುವಾಗ ಆ ವಿಮಾನವನ್ನು ತೊಳೆಯುವಂತಿರಲಿಲ್ಲ. ಅಂದರೆ ದ್ರವದ ಬೆಲೆ ಏನೇ ಇರಲಿ, ತೊಳೆಸುವ ನಿಜವಾದ ವೆಚ್ಚವೆಂದರೆ ವಿಮಾನವು ಅಲ್ಲಿಯೇ ಸಿಕ್ಕಿಬೀಳುವುದು, ಪ್ರಯಾಣಿಕರೆಲ್ಲ ಅತಂತ್ರರಾಗುವುದು. ತೊಳೆಯದೆಯೇ ಹೊರಟರು. 69 ಜನರಲ್ಲಿ 24 ಜನ ತೀರಿಕೊಂಡರು. ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿಯವರ ವಿಚಾರಣಾ ಆಯೋಗವು ಚಾಲಕನೊಬ್ಬನ ತಲೆಗೆ ಎಲ್ಲವನ್ನೂ ಕಟ್ಟದೆ, ಅವನನ್ನು ಆ ಇಕ್ಕಟ್ಟಿಗೆ ತಂದ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿದ್ದು ಮೆಚ್ಚತಕ್ಕ ಕಾರ್ಯ.

ಖಾಸಗಿ ವಿಮಾನಗಳ ಕಡೆಗೆ ಬಂದರೆ, 2002ರ ಜನವರಿ 4ರ ಬೆಳಗ್ಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರಾತ್ರಿಯೆಲ್ಲ ಬಯಲಲ್ಲಿ ನಿಂತಿದ್ದ ಚಾಲೆಂಜರ್ ಜೆಟ್ ವಿಮಾನವೊಂದು ರೆಕ್ಕೆಯ ತುಷಾರ ತೊಳೆಸಿಕೊಳ್ಳದೆ ಓಡಿತು. ಟ್ರಕ್ಕು ಅಲ್ಲಿಯೇ ಇತ್ತು. ಆ ಬೆಳಗ್ಗೆ ಬೇರೆ ವಿಮಾನಗಳು ತೊಳೆಸಿಕೊಂಡಿದ್ದವು. ನೆಲ ಬಿಟ್ಟೊಡನೆ ಅದು ಒಂದು ಬದಿಗೆ ಮಗುಚಿತು. ಒಳಗಿದ್ದ ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಮೇಲೆ ಹೇಳಿದ ಹೊಳಪು ತುಷಾರದ ಮಾತನ್ನು ನಿಯಮಗಳಿಂದಲೇ ಅಳಿಸಬೇಕೆಂದು ಬ್ರಿಟನ್ನಿನ ತನಿಖಾಧಿಕಾರಿಗಳು ಸಲಹೆ ಕೊಟ್ಟದ್ದು ಈ ಅಪಘಾತದ ತರುವಾಯ. 2004ರ ನವೆಂಬರ್ 28ರಂದು ಅಮೇರಿಕಾದ ಕೊಲರಾಡೋ ಪ್ರಾಂತದ ಮಾಂಟ್ರೋಸಿನಲ್ಲಿ ಅದೇ ಮನೆತನದ ಮತ್ತೊಂದು ಜೆಟ್ಟು, ನೆಲದ ಮೇಲೆ ನಿಂತಿದ್ದಾಗ ಕೂತ ಹಿಮವನ್ನು ತೆಗೆಯದೆ ಏರಲು ಹೋಗಿ ಬಿದ್ದಿತು. ಆರು ಜನರಲ್ಲಿ ಮೂವರು ಸತ್ತರು. ಅವರಲ್ಲಿ ಒಬ್ಬನು ಹದಿನಾಲ್ಕು ವರ್ಷದ ಬಾಲಕ. ಲಕ್ಷಾಂತರ ಡಾಲರಿನ ವಿಮಾನಗಳಿವು. ಇಂಥಲ್ಲಿ ಹಣದ ಕೊರತೆ ಕಾರಣವಾಗಿದ್ದೀತೆಂದು ನಾವು ಹೇಳಲಾರೆವು. ಅವಸರವೂ ಒಂದು ಬಗೆಯ ಜಿಪುಣತನವೇ, ಕಾಲದ ವಿಷಯದಲ್ಲಿ ಮಾಡುವ ಜಿಪುಣತನ.

ಮನಸ್ಸಿಗೆ ಬಹಳ ನೋವು ಕೊಡುವುದು 2019ರ ನವೆಂಬರ್ 30ರ ಘಟನೆ. ದಕ್ಷಿಣ ಡಕೋಟಾದ ಚೇಂಬರ್ಲೇನ್ ಎಂಬ ಚಿಕ್ಕ ಊರಿಗೆ ಒಂದು ಕುಟುಂಬದ ಅಜ್ಜ, ಮಕ್ಕಳು, ಮೊಮ್ಮಕ್ಕಳು ಪಿಲಾಟಸ್ ಎಂಬ ಒಂದೇ ಎಂಜಿನ್ನಿನ ವಿಮಾನದಲ್ಲಿ ಬೇಟೆಯ ವಿಹಾರಕ್ಕೆ ಬಂದಿದ್ದರು. ರಾತ್ರಿಯೆಲ್ಲ ವಿಮಾನ ಹಿಮದಲ್ಲಿ ನಿಂತಿತು. ಮರುದಿನ ಚಾಲಕನೂ ಇನ್ನೊಬ್ಬನೂ ಅಂಗಡಿಯಿಂದ ಐಸೋಪ್ರೊಪೈಲ್ ಆಲ್ಕೊಹಾಲಿನ ಬಾಟಲಿಗಳನ್ನು ತಂದು, ಏಣಿಯೊಂದನ್ನು ಎರವಲು ಪಡೆದು, ಸುಮಾರು ಮೂರು ತಾಸು ಹಿಮ ತೆಗೆದರು. ಆ ವಿಮಾನದ ಬಾಲದ ಪಟ್ಟಿ ಬಲು ಎತ್ತರದಲ್ಲಿದೆ. ಏಣಿ ಅಲ್ಲಿಯವರೆಗೆ ಮುಟ್ಟಲಿಲ್ಲ. ಶೇಕಡಾ 98ರಷ್ಟು ಸರಿಯಾಗಿದೆ, ಉಳಿದದ್ದು ಏರುವಾಗ ಉದುರಿ ಹೋಗುತ್ತದೆ ಎಂಬ ಅರ್ಥದ ಮಾತನ್ನು ಚಾಲಕ ಆಡಿದನೆಂದು ಸಾಕ್ಷಿಯೊಬ್ಬರು ತಿಳಿಸಿದರು. ಹನ್ನೆರಡು ಜನರಲ್ಲಿ ಒಂಬತ್ತು ಜನ ಸತ್ತರು. ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಲೇಬೇಕು. ಉಳಿದ ಹಿಮವೇ ಈ ಸಾವಿಗೆ ಕಾರಣವೆಂದು ತನಿಖೆ ತೀರ್ಪು ಕೊಡಲಿಲ್ಲ. ವಿಮಾನದ ಹಿಂಭಾಗಕ್ಕೆ ಭಾರ ಹೆಚ್ಚಾಗಿ ಅದು ಅಸ್ಥಿರವಾಗಿತ್ತು, ಚಾಲಕನ ಹಿಡಿತ ತಪ್ಪಿತು ಎಂಬುದೇ ಮುಖ್ಯ ನಿರ್ಣಯ. ಆದರೆ ಹಿಮದೊಂದಿಗೆ ಹೊರಡಬಾರದಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಮೂರು ತಾಸು ಚಳಿಯಲ್ಲಿ ದುಡಿದವನನ್ನು ಸೋಮಾರಿಯೆಂದಾಗಲಿ ಜಿಪುಣನೆಂದಾಗಲಿ ಯಾರೂ ಕರೆಯಲಾರರು. ದುಡಿದದ್ದೇ ಅವನಿಗೆ ಇನ್ನು ಸಾಕೆಂಬ ಭಾವನೆ ತಂದಿತೇನೋ.

ಚಿಕ್ಕ ಊರುಗಳ ಕೊರತೆ ಕೆನಡಾದಲ್ಲಿಯೂ ಇದೆ. 2017ರ ಡಿಸೆಂಬರ್ 13ರಂದು ಸಾಸ್ಕಾಚೆವಾನ್ ಪ್ರಾಂತದ ಉತ್ತರ ತುದಿಯ ಫಾಂಡ್-ಡು-ಲ್ಯಾಕ್ ಎಂಬಲ್ಲಿ 25 ಜನರಿದ್ದ ವಿಮಾನ ಮಂಜುಗಡ್ಡೆಯೊಂದಿಗೇ ಏರಿ, ಒಂದು ನಿಮಿಷದೊಳಗೆ ಕಾಡಿನಲ್ಲಿ ಬಿದ್ದಿತು; ಒಬ್ಬರು ಅನಂತರ ತೀರಿಕೊಂಡರು. ಅಲ್ಲಿ ಇದ್ದ ಸಲಕರಣೆಯೆಂದರೆ ಎರಡು ಏಣಿ, ಕೈಯಿಂದ ಸಿಂಪಡಿಸುವ ಒಂದು ಡಬ್ಬಿ, ಒಂದಿಷ್ಟು ದ್ರವ. ಅಷ್ಟು ದೊಡ್ಡ ವಿಮಾನಕ್ಕೆ ಅದು ಯಾವ ಮೂಲೆಗೆ? ದೂರದ ನೆಲೆಗಳಲ್ಲಿ ತಕ್ಕ ಸಲಕರಣೆ ಇರುವಂತೆ ನೋಡಿಕೊಳ್ಳಬೇಕೆಂದು ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿಯು 2018ರಲ್ಲಿ ಶಿಫಾರಸು ಮಾಡಿತು. ವರ್ಷದಲ್ಲಿ ಕೆಲವೇ ವಿಮಾನಗಳು ಬರುವ ಊರಿನಲ್ಲಿ ಟ್ರಕ್ಕು, ಕಾಯಿಸುವ ಯಂತ್ರ, ತರಬೇತಿಯುಳ್ಳ ಜನ, ಇಷ್ಟನ್ನೂ ಸಾಕುವ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆ ಸುಲಭದ್ದಲ್ಲ. ಸರ್ಕಾರವಂತೂ ಹೊರಬೇಕೆಂದು ನಮ್ಮ ಅಭಿಪ್ರಾಯ. ರಸ್ತೆಯಿಲ್ಲದ ಆ ಊರುಗಳಿಗೆ ವಿಮಾನವು ವಿಲಾಸವಲ್ಲ, ಬಸ್ಸಿದ್ದಂತೆ.

ಕಾನೂನು ಎರಡು ದೇಶಗಳಲ್ಲಿ ಎರಡು ರೀತಿ. ಕೆನಡಾದಲ್ಲಿ ವಿಮಾನ ಚಿಕ್ಕದಿರಲಿ ದೊಡ್ಡದಿರಲಿ, ರೆಕ್ಕೆ ಮೊದಲಾದ ಮುಖ್ಯ ಭಾಗಗಳಿಗೆ ತುಷಾರ, ಹಿಮ, ಮಂಜುಗಡ್ಡೆ ಅಂಟಿರುವಾಗ ಏರಕೂಡದೆಂದು ನಿಯಮ ನೇರವಾಗಿ ಹೇಳುತ್ತದೆ. ಅಮೇರಿಕಾದಲ್ಲಿ ಅಂಥ ಸ್ಪಷ್ಟ ನಿಷೇಧವು ಪ್ರಯಾಣಿಕರ ಕಂಪನಿಗಳಿಗೆ, ದೊಡ್ಡ ವಿಮಾನಗಳಿಗೆ ಹಾಗೂ ಒಂದಕ್ಕಿಂತ ಹೆಚ್ಚು ಟರ್ಬೈನ್ ಎಂಜಿನ್ನುಗಳಿರುವ ವಿಮಾನಗಳಿಗೆ ಅನ್ವಯಿಸುತ್ತದೆ. ಒಂದೇ ಪೆಟ್ರೋಲ್ ಎಂಜಿನ್ನಿನ ಖಾಸಗಿ ವಿಮಾನವನ್ನು ತಡೆಯುವುದು ಆ ವಿಮಾನದ ಕೈಪಿಡಿ ಮತ್ತು ಅಜಾಗರೂಕತೆಯಿಂದ ಹಾರಿಸಬಾರದೆಂಬ ಸಾಮಾನ್ಯ ನಿಯಮ. ಉಳಿದದ್ದು ಮಾಲೀಕನ ವಿವೇಕಕ್ಕೆ.

ಆದಕಾರಣ ಅಲ್ಲಿರುವ ನಮ್ಮ ಮಕ್ಕಳನ್ನು ಯಾರಾದರೂ ಜನವರಿಯ ಬೆಳಗ್ಗೆ ತಮ್ಮ ಪುಟ್ಟ ವಿಮಾನದಲ್ಲಿ ಕರೆದರೆ, ಸಂಕೋಚ ಬಿಟ್ಟು ಕೇಳಬೇಕಾದ ಮಾತುಗಳಿವೆ. ರಾತ್ರಿ ವಿಮಾನ ಸೂರಿನಡಿ ಇತ್ತೇ, ಬಯಲಲ್ಲಿತ್ತೇ? ರೆಕ್ಕೆಯ ಮೇಲ್ಭಾಗವನ್ನು ಬರಿಗೈಯಿಂದ ಸವರಿ ನೋಡಿಯಾಯಿತೇ? ಬಾಲದ ಪಟ್ಟಿಯನ್ನು ನೋಡಿಯಾಯಿತೇ? ಬರಿಗೈಯೆಂದೇ ಹೇಳಬೇಕು, ಏಕೆಂದರೆ ನೀರಿನಂತೆ ಪಾರದರ್ಶಕವಾದ ಮಂಜುಗಡ್ಡೆ ಕಣ್ಣಿಗೆ ಒದ್ದೆಯಾಗಿ ಮಾತ್ರ ಕಾಣುತ್ತದೆ. ಕ್ಯಾರವಾನ್ ಎಂಬ ಸೆಸ್ನಾ ಸರಕು ವಿಮಾನದ ಚಾಲಕರು ಚಳಿಗಾಲದಲ್ಲಿ ಹೀಗೆ ಕೈಯಿಂದ ಮುಟ್ಟಿ ನೋಡಲೇಬೇಕೆಂದು ಅಮೇರಿಕಾದ ವಿಮಾನಯಾನ ಆಡಳಿತವು 2005ರಲ್ಲಿ ಆಜ್ಞೆಯನ್ನೇ ಹೊರಡಿಸಿತು. ಕೇಳಿದ್ದಕ್ಕೆ ಮುನಿಯುವ ಚಾಲಕನಿಗಿಂತ, ಏಣಿ ತಂದು ತೋರಿಸುವವನೊಂದಿಗೆ ಹೋಗುವುದು ಲೇಸು. ಈ ದಿನ ಬೇಡ ಎಂದು ಅವನೇ ಹೇಳಿದರೆ ಇನ್ನೂ ಲೇಸು.

ಆ ದ್ರವಕ್ಕೆ ಇನ್ನೊಂದು ವೆಚ್ಚವಿದೆ. ಅದು ಬಿಲ್ಲಿನಲ್ಲಿ ಬರುವುದಿಲ್ಲ. ಗ್ಲೈಕಾಲ್ ಹಳ್ಳ ಕೊಳ್ಳ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬರಿದುಮಾಡುತ್ತವೆ, ಮೀನುಗಳಿಗೆ ಉಸಿರಿಲ್ಲದಾಗುತ್ತದೆ. ಗ್ಲೈಕಾಲಿನ ಒಂದು ಬಗೆಯಂತೂ ಸಿಹಿಯಾಗಿದ್ದು, ನೆಕ್ಕಿದ ನಾಯಿ ಬೆಕ್ಕುಗಳನ್ನು ಕೊಲ್ಲುತ್ತದೆ. ದೊಡ್ಡ ನಿಲ್ದಾಣಗಳ ಚರಂಡಿ ನೀರಿನ ಬಗ್ಗೆ ಅಮೇರಿಕಾದ ಪರಿಸರ ಇಲಾಖೆ 2012ರಲ್ಲಿ ನಿಯಮ ಮಾಡಿದೆ. ಚಿಕ್ಕ ನೆಲೆಗಳು ಆ ನಿಯಮದ ಹೊರಗೆ ಉಳಿದಿವೆ.

ಇಷ್ಟೆಲ್ಲ ಖರ್ಚು ಹೇಳಿದ ಮೇಲೆ ಖರ್ಚಿಲ್ಲದ ಉಪಾಯವನ್ನೂ ಹೇಳಬೇಕು. ಅದು ಸೂರ್ಯ. ಮೋಡವಿಲ್ಲದ ಬೆಳಗಾದರೆ ಅನುಭವಿ ಚಾಲಕನು ಟ್ರಕ್ಕಿಗೆ ಫೋನು ಮಾಡುವ ಮುನ್ನ ವಿಮಾನವನ್ನು ಕೈಯಿಂದ ತಳ್ಳಿ, ರೆಕ್ಕೆಗಳಿಗೆ ಬಿಸಿಲು ಬೀಳುವಂತೆ ತಿರುಗಿಸಿ ನಿಲ್ಲಿಸುತ್ತಾನೆ. ಒಂದು ರೆಕ್ಕೆ ಮೊದಲು ಒಣಗುತ್ತದೆ, ನೆರಳಿನಲ್ಲಿರುವುದು ಬೆಳ್ಳಗೇ ಉಳಿಯುತ್ತದೆ. ಆಗ ವಿಮಾನವನ್ನು ಇನ್ನೊಂದು ಬದಿಗೆ ತಿರುಗಿಸುತ್ತಾನೆ. ತಾಸೆರಡು ತಾಸಿನಲ್ಲಿ ಹಿಂದಿನ ಅಂಚಿನಿಂದ ನೀರು ತೊಟ್ಟಿಕ್ಕಲು ಆರಂಭವಾಗುತ್ತದೆ. ಅಷ್ಟರಲ್ಲಿ ಅತ್ತ ಕಾದಿರುವವರಿಗೆ ತಡವಾಗುತ್ತದೆಂದು ತಿಳಿಸಿ, ಒಂದು ಕಪ್ಪು ಚಹಾ ಕುಡಿದು ಬರುತ್ತಾನೆ. ಬಂದವನು ಒಣ ಬಟ್ಟೆಯಿಂದ ರೆಕ್ಕೆಯನ್ನು ಒರೆಸಿ, ಬಾಗುವ ಪಟ್ಟಿಗಳನ್ನು ಒಂದೊಂದಾಗಿ ಕೈಯಿಂದ ಮೇಲೆ ಕೆಳಗೆ ಆಡಿಸಿ, ಕರಗಿದ ನೀರು ಕೀಲುಗಳಲ್ಲಿ ನಿಂತು ಮತ್ತೆ ಗಟ್ಟಿಯಾಗಿಲ್ಲವಷ್ಟೆ ಎಂದು ಬಗ್ಗಿ ನೋಡುತ್ತಾನೆ.